ಬೋರಿನ ನೀರು ಸಿಹಿ ಐತಿ, ಸೋಪು ಬುರುಗು ಬರ್ತೈತಿ, ಆದ್ರ ರಿಪೋರ್ಟ್‌ನ್ಯಾಗ ಫ್ಲೋರೈಡ್ 2.6. ಕುಡಿಯಾಕ, ಉಳ್ಳಾಗಡ್ಡಿಗೆ ನಡೀತೈತೇನ್ರಿ?

ಕಪ್ಪತಗುಡ್ಡ_ಸೆರಗು

ಎಲ್ಲಾರಿಗೂ ನಮಸ್ಕಾರ್ರಿ. ಮುಂಡರಗಿ ತಾಲೂಕಿನಾಂವ ನಾನು. ಹೊಲದಾಗ ಹೊಸಾ ಬೋರು ಹೊಡ್ಸೇವಿ, 430 ಫೂಟಿಗೆ ನೀರು ಬಿತ್ತು, ಎರಡಿಂಚು ಬರಾಕತ್ತೈತಿ. ಮನಿನೂ ಹೊಲದಾಗ ಐತಿ, ಅದಕ್ಕ ಕುಡಿಯಾಕೂ ಇದ, ಎಮ್ಮಿಗೂ ಇದ, ಮೂರೆಕರೆ ಉಳ್ಳಾಗಡ್ಡಿ ಮೆಣಸಿನಕಾಯಿಗೂ ಇದ ಅಂತ ಲೆಕ್ಕಾ ಹಾಕಿದ್ವಿ. ನೀರು ಬಾಯಾಗ ಹಾಕ್ಕೊಂಡ್ರ ಸವಳು ಅನ್ಸೂದಿಲ್ಲ, ಸೋಪಿಗೆ ಬುರುಗು ತುಂಬಿ ಬರ್ತೈತಿ, ಬ್ಯಾಳಿ ಲಗೂನ ಕುದಿತೈತಿ. ನಮ್ಮ ಹಳೇ ಬಾವಿ ನೀರಿನ್ಯಾಗ ಇದ್ಯಾವುದೂ ಆಗೂದಿಲ್ಲ, ಅದು ಗಡಸು ನೀರು, ಹಂಡೆದಾಗ ಸುಣ್ಣ ಕಟ್ಟಿ ಬಿಡ್ತೈತಿ.

ಫಿಲ್ಟರ್ ಮಾರಾಂವ ಒಬ್ಬ ಬಂದು ಪೆನ್ನಿನಂಥಾ ಮೀಟರ್ ಅದ್ದಿ "1180 ಐತ್ರಿ, ಭಾಳ ಕೆಟ್ಟ ನೀರು" ಅಂದ. ಬಾಜೂ ಹೊಲದಾಂವ "ನಮ್ದು 2000 ಐತೋ ಮಾರಾಯ, ನಿಮ್ದು ಅಮೃತ" ಅಂದ. ಯಾರದು ಖರೆ ತಿಳೀಲಾರ್ದ ಒಂದು ಲ್ಯಾಬಿನ್ಯಾಗ ಪೂರ್ತಿ ಟೆಸ್ಟ್ ಮಾಡಿಸ್ದೆ. ರಿಪೋರ್ಟ್ ಹಿಂಗೈತಿ, ಪಿಎಚ್ ಇಸಿ ಬಿಟ್ಟು ಉಳದದ್ದೆಲ್ಲಾ ಲೀಟರಿಗೆ ಮಿಲಿಗ್ರಾಂ ಲೆಕ್ಕದಾಗ:

ಪಿಎಚ್ 8.3, ಇಸಿ (ನೀರಿನ್ಯಾಗ ಕರೆಂಟ್ ಎಷ್ಟು ಹರೀತೈತಿ ಅನ್ನೂದು, ಉಪ್ಪಿನ ಅಳತಿ) 1850, ಟಿಡಿಎಸ್ (ಕರಗಿದ ಒಟ್ಟು ಲವಣ) 1180, ಹಾರ್ಡ್‌ನೆಸ್ 220, ಕ್ಯಾಲ್ಸಿಯಂ 32, ಮೆಗ್ನೀಷಿಯಂ 34, ಸೋಡಿಯಂ 325, ಪೊಟ್ಯಾಷ್ 4, ಬೈಕಾರ್ಬೊನೇಟ್ 560, ಕಾರ್ಬೊನೇಟ್ 12, ಕ್ಲೋರೈಡ್ 230, ಸಲ್ಫೇಟ್ 85, ನೈಟ್ರೇಟ್ 38, ಫ್ಲೋರೈಡ್ 2.6.

ಕೆಳಗ "ಎಸ್‌ಎಆರ್ 9.5, ಎಸ್1 ವರ್ಗ, ನೀರಾವರಿಗೆ ಯೋಗ್ಯ, ಕುಡಿಯಲು ಯೋಗ್ಯವಲ್ಲ" ಅಂತ ಸಿಕ್ಕಾ ಹೊಡದಾರ. ಕುಡಿಯೂದಲ್ಲ ಅಂದ್ರ ಕಾಸಿ ಕುಡಿದ್ರ ಆಗ್ತೈತೋ ಇಲ್ಲೋ? ಹೊಲಕ್ಕ ಯೋಗ್ಯ ಅಂತ ಬರದಾರ, ಅಂದ್ರ ಕಣ್ಣು ಮುಚ್ಚಿ ಬಿಡ್ಬಹುದಾ? ಮನ್ಯಾಗ ಎರಡು ಸಣ್ಣ ಹುಡುಗ್ರು ಅದಾವ್ರಿ, ಅದಕ್ಕ ಕೇಳಾಕತ್ತೇನಿ.

ಬ್ಯಾಡಗಿ_ಕಡ್ಡಿ

ಇಷ್ಟಕ್ಕೆಲ್ಲಾ ಹೆದರ್ತಾರೇನ್ರಿ ಅಣ್ಣಾರ. ಹಾವೇರಿ ಕಡೆ ನಮ್ಮ ಬೋರು 1600 ಟಿಡಿಎಸ್ ಐತಿ, ಮೆಣಸಿನಗಿಡ ನಡ್ಯಾಕತ್ತಾವ, ಹೊಲ ಏನೂ ಆಗಿಲ್ಲ. ಲ್ಯಾಬಿನವ್ರ ಯೋಗ್ಯ ಅಂದ್ರ ಯೋಗ್ಯ. ಕುಡಿಯಾಕ ಒಂದು ಫಿಲ್ಟರ್ ಹಾಕ್ಸಿ ಬಿಡ್ರಿ, ಮುಗೀತು.

ಹೊಲದ_ಲೆಕ್ಕ

ಸ್ವಲ್ಪ ತಡೀರಿ ಇಬ್ಬರೂ. ನಾ ಧಾರವಾಡದಾಗ ಮಣ್ಣು-ನೀರಿನ ಲ್ಯಾಬ್ ಕೆಲಸ ಮಾಡಿದವ, ಈ ರಿಪೋರ್ಟ್ ನೋಡಿದ ಕೂಡ್ಲೇ ಕಣ್ಣಿಗೆ ಹೊಡದದ್ದು ಫ್ಲೋರೈಡ್ ಅಲ್ಲ, ಕ್ಯಾಲ್ಸಿಯಂ 32 ಮತ್ತ ಬೈಕಾರ್ಬೊನೇಟ್ 560.

ಮೊದಲ ರಿಪೋರ್ಟ್ ಖರೆ ಅದನೋ ಇಲ್ಲೋ ನೋಡೋಣ, ಇದನ್ನ ಯಾರು ಬೇಕಾದ್ರೂ ಮೊಬೈಲ್ ಕ್ಯಾಲ್ಕುಲೇಟರ್‌ದಾಗ ಮಾಡ್ಬಹುದು. ಕ್ಯಾಲ್ಸಿಯಂ ಅನ್ನ 20ರಿಂದ ಭಾಗ್ಸ್ರಿ, ಮೆಗ್ನೀಷಿಯಂ 12.15ರಿಂದ, ಸೋಡಿಯಂ 23ರಿಂದ, ಪೊಟ್ಯಾಷ್ 39ರಿಂದ. ನಿಮ್ದು 1.6, 2.8, 14.1, 0.1 ಬರ್ತಾವ, ಕೂಡಿಸಿದ್ರ 18.6. ಈಗ ಆ ಕಡೆದವು, ಬೈಕಾರ್ಬೊನೇಟ್ 61ರಿಂದ, ಕಾರ್ಬೊನೇಟ್ 30ರಿಂದ, ಕ್ಲೋರೈಡ್ 35.5ರಿಂದ, ಸಲ್ಫೇಟ್ 48ರಿಂದ, ನೈಟ್ರೇಟ್ 62ರಿಂದ, ಫ್ಲೋರೈಡ್ 19ರಿಂದ. ಕೂಡಿಸಿದ್ರ ಅದೂ 18.6ರ ಆಜೂಬಾಜೂನೇ ಬರ್ತದ. ನೀರಿನ್ಯಾಗ ಧನ ಋಣ ವಿದ್ಯುದಂಶ ಎರಡೂ ಸಮ ಇರ್ಲೇಬೇಕು, 5 ಪರ್ಸೆಂಟ್ ಒಳಗ ಫರಕ್ ಬಂದ್ರ ಲ್ಯಾಬ್ ಕೆಲಸ ಸರಿ ಮಾಡೇದ ಅಂತ, 10 ದಾಟಿದ್ರ ರಿಪೋರ್ಟ್ ವಾಪಸ್ ಕೊಟ್ಟು ಮತ್ತ ಮಾಡ್ರಿ ಅನ್ನಬೇಕು. ಇನ್ನೊಂದು, ಇಸಿಯನ್ನ 100ರಿಂದ ಭಾಗ್ಸಿದ್ರೂ ಹತ್ತಿರಹತ್ತಿರ ಅದ ಸಂಖ್ಯೆ ಬರಬೇಕು, 1850ಕ್ಕ 18.5. ನಿಮ್ಮ ರಿಪೋರ್ಟ್ ಸಾಫ್ ಅದ. ಅಂಕಿ ಖರೆ ಅವ, ಕೆಳಗ ಹೊಡದ ಸಿಕ್ಕಾದ ಮ್ಯಾಲ ಅಷ್ಟ ನನ್ನ ತಕರಾರು.

ಎಸ್‌ಎಆರ್ ಅಂದ್ರ ಕ್ಯಾಲ್ಸಿಯಂ ಮೆಗ್ನೀಷಿಯಂ ಮುಂದ ಸೋಡಿಯಂ ಎಷ್ಟು ಹೆಚ್ಚದ ಅನ್ನೋ ಲೆಕ್ಕ. ಅದು 10ರ ಒಳಗ ಇದ್ರ ಎಸ್1, ಅಂದ್ರ ಛಲೋ ಅಂತ ಒಂದು ಸರಳ ಟೇಬಲ್ ಅದ, ಬಹಳ ಕಡೆ ಅದನ್ನ ನೋಡಿ ಬರೀತಾರ. ಆದ್ರ 1954ರ ಅಮೆರಿಕದ ಮೂಲ ನಕ್ಷೆ ನೋಡಿದ್ರ ಗೆರಿ ಅಡ್ಡ ಇಲ್ಲ, ಇಳಿಜಾರು ಅವ. 10 ಅನ್ನೋ ಗಡಿ ಇಸಿ 100 ಇದ್ದಾಗಿನದು. ಇಸಿ ಏರಿದಂಗ ಗಡಿ ಇಳೀತದ, 1850ಕ್ಕ ಬಂದ್ರ ಎಸ್1 ಗಡಿ ಸುಮಾರು 4.4, ಎಸ್2 ಗಡಿ 9.5. ಅಂದ್ರ ನಿಮ್ಮ ನೀರು ಎಸ್1 ಅಲ್ಲ, ಎಸ್2ದ ತುದಿಗೆ ನಿಂತದ, ಒಂದು ಹೆಜ್ಜಿ ಮುಂದ ಎಸ್3.

ಅದಕ್ಕಿಂತ ದೊಡ್ಡದು ಆರ್‌ಎಸ್‌ಸಿ, ಅಂದ್ರ ಕ್ಯಾಲ್ಸಿಯಂ ಮೆಗ್ನೀಷಿಯಂಗಿಂತ ಹೆಚ್ಚಾಗಿ ಉಳಿಯೂ ಕಾರ್ಬೊನೇಟ್ ಬೈಕಾರ್ಬೊನೇಟ್. ಲ್ಯಾಬಿನವ್ರು ಅದನ್ನ ಬರದೇ ಇಲ್ಲ. ಕಾರ್ಬೊನೇಟ್ ಬೈಕಾರ್ಬೊನೇಟ್ ಕೂಡ್ಸಿ (9.6) ಅದರಾಗ ಕ್ಯಾಲ್ಸಿಯಂ ಮೆಗ್ನೀಷಿಯಂ (4.4) ಕಳೀರಿ, 5.2 ಉಳೀತದ. 1.25ರ ಒಳಗ ಇದ್ರ ಚಿಂತಿಲ್ಲ, 2.5ರ ಮ್ಯಾಲ ಹೋದ್ರ ನೀರಾವರಿಗೆ ಬ್ಯಾಡ ಅಂತಾರ, ನಿಮ್ದು ಅದರ ಎರಡು ಪಟ್ಟು. ಏನಾಗ್ತದ ಅಂದ್ರ, ನೀರು ಹೊಲದಾಗ ಆರಿದಂಗ ಆ ಹೆಚ್ಚಿನ ಬೈಕಾರ್ಬೊನೇಟ್ ಮಣ್ಣಿನ್ಯಾಗಿನ ಕ್ಯಾಲ್ಸಿಯಂನ ಹಿಡದು ಸುಣ್ಣ ಮಾಡಿ ಕೆಡವತದ, ಖಾಲಿ ಆದ ಜಾಗಾದಾಗ ಸೋಡಿಯಂ ಬಂದು ಕೂಡ್ತದ. ಎರಿ ಹೊಲ ಇದ್ರಂತೂ ಮುಗೀತು, ಹಸಿ ಇದ್ದಾಗ ಗೊಂದಿನಂಗ ಅಂಟ್ತದ, ಒಣಗಿದ್ರ ಕಲ್ಲು, ಮ್ಯಾಲ ನೀರು ನಿಲ್ತದ ಬೇರಿಗೆ ಇಳಿಯೂದಿಲ್ಲ. ಒಂದ ವರ್ಷದಾಗ ಗೊತ್ತಾಗೂದಿಲ್ಲ, ಅದ ಮೋಸ.

ಈಗ ಸಿಹಿ ನೀರಿನ ಮಾತು. ಸೋಪಿಗೆ ಬುರುಗು ಬಂತು, ಬ್ಯಾಳಿ ಕುದೀತು ಅಂದ್ರಿ, ಅದರ ಅರ್ಥ ಕ್ಯಾಲ್ಸಿಯಂ ಕಡಿಮಿ ಅದ ಅಂತ ಅಷ್ಟ. ಕ್ಯಾಲ್ಸಿಯಂ ಇದ್ದ ನೀರಿನ್ಯಾಗ ಫ್ಲೋರೈಡ್ ಹೆಚ್ಚು ನಿಲ್ಲೂದಿಲ್ಲ, ಎರಡೂ ಕೂಡಿ ಕೆಳಗ ಕೂಡ್ತಾವ. ಕ್ಯಾಲ್ಸಿಯಂ ಹೋದ್ರ ಫ್ಲೋರೈಡ್ ಹಿಡಿಯೋರು ಯಾರೂ ಇಲ್ಲ. ನಿಮ್ಮ ಕಡೆ ಗ್ರಾನೈಟ್ ಜಾತಿ ಕಲ್ಲು, ಆಳದ ಬೋರಿನ ನೀರು ಆ ಬಿರುಕಿನ್ಯಾಗ ವರ್ಷಾನುಗಟ್ಟಲೆ ಕೂತಿರ್ತದ, ಕಲ್ಲಿನ್ಯಾಗಿನ ಫ್ಲೋರೈಡ್ ಬಿಡಿಸ್ಕೋತದ, ಪಿಎಚ್ 8ರ ಮ್ಯಾಲ ಇದ್ರ ಇನ್ನಷ್ಟು. ಮುಂಡರಗಿ ಕಡೆ ಫ್ಲೋರೈಡ್ ತ್ರಾಸ ಹೊಸಾದಲ್ಲ. ಬಾಯಿಗೆ ಮೃದು, ಹೊಲಕ್ಕ ಕೆಟ್ಟ, ಹಲ್ಲಿಗೆ ಕೆಟ್ಟ, ಮೂರೂ ಒಂದ ಕಾರಣಕ್ಕ. ಟಿಡಿಎಸ್ ಪೆನ್ನು ಇದ್ಯಾವುದನ್ನೂ ಹೇಳೂದಿಲ್ಲ ನೋಡ್ರಿ, ಅದು ಕೂಡಿಸಿದ ಮೊತ್ತ ತೋರಸ್ತದ, ಒಳಗ ಏನದ ಅಂತಲ್ಲ.

ಬ್ಯಾಡಗಿ_ಕಡ್ಡಿ

ಹಂಗಾರ ನಮ್ಮ ಹೊಲ ಯಾಕ ಕೆಟ್ಟಿಲ್ಲ ಹೇಳ್ರಿ ಮತ್ತ? ನಮ್ದು ಇವರಗಿಂತ ಹೆಚ್ಚು ಐತಲ್ಲ.

ಹೊಲದ_ಲೆಕ್ಕ

ನಿಮ್ಮ ರಿಪೋರ್ಟ್ ಹಾಕ್ರಿ, ಅದರಾಗ ಉತ್ತರ ಇರ್ತದ. ಪೈಪಿನ ತುದಿಗೆ ಬಿಳೇ ಸುಣ್ಣ ಕಟ್ತದೇನು? ಕಟ್ತಿದ್ರ ನಿಮ್ಮ ನೀರಿನ್ಯಾಗ ಕ್ಯಾಲ್ಸಿಯಂ ಸಾಕಷ್ಟು ಇದ್ದೀತು, ಆರ್‌ಎಸ್‌ಸಿ ಕಡಿಮಿ ಇದ್ದೀತು. ಮ್ಯಾಲ ಹಾವೇರಿ ಕಡೆ ಮಸಾರಿ ಹೊಲ ಇದ್ರ ನೀರು ಬಸಿದು ಹೋಗ್ತದ, ಮಳಿನೂ ನಿಮಗ ಗದಗಿಗಿಂತ ಜಾಸ್ತಿ, ಉಪ್ಪು ತೊಳದು ಹೋಗ್ತದ. ಅದ 1600 ನೀರು ರೋಣ ನರಗುಂದದ ಎರಿಗೆ ಬಿಟ್ರ ಕಥಿ ಬ್ಯಾರೆ.

ಇಳುವರಿದು ಮಾತ್ರ ನಿಮಗೂ ಹತ್ತತದ. ಉಳ್ಳಾಗಡ್ಡಿ, ಮೆಣಸಿನಕಾಯಿ ಎರಡೂ ಉಪ್ಪು ತಾಳೂದಿಲ್ಲ. ವಿಶ್ವಸಂಸ್ಥೆಯ ಆಹಾರ-ಕೃಷಿ ಸಂಸ್ಥೆ (ಎಫ್‌ಎಒ) ಲೆಕ್ಕದ ಪ್ರಕಾರ ಉಳ್ಳಾಗಡ್ಡಿಗೆ ನೀರಿನ ಇಸಿ 800 ದಾಟಿದ್ರ ಇಳುವರಿ ಇಳೀಲಿಕ್ಕೆ ಶುರು, 1800ಕ್ಕ ಕಾಲು ಭಾಗ ಹೋಗ್ತದ. ಮೆಣಸಿನಕಾಯಿಗೆ 1000ದಿಂದ ಶುರು, 2200ಕ್ಕ ಕಾಲು ಭಾಗ. ಗಿಡ ಹಸರಾಗೇ ನಿಂತಿರ್ತದ, ಕಡಿಮಿ ಬಂದದ್ದು ತೂಕ ಮಾಡಿದಾಗ ಅಷ್ಟ ಗೊತ್ತು, ಆಗ ಮಳಿ ಆಗ್ಲಿಲ್ಲ, ಥ್ರಿಪ್ಸ್ ಬಂತು ಅಂತ ಬಯ್ಕೊಂಡು ಬಿಡ್ತೀವಿ. ಅದ ಹತ್ತಿ 5000 ತನಕ, ಜೋಳ 4500 ತನಕ ಏನೂ ಅನ್ನೂದಿಲ್ಲ.

ಬ್ಯಾಡಗಿ_ಕಡ್ಡಿ

ಸುಣ್ಣ ಕಟ್ತೈತ್ರಿ, ಡ್ರಿಪ್ ತೂತು ಬಂದ್ ಆಗಿ ಆಸಿಡ್ ಹಾಕಿ ತೊಳಿಯೂದ ಒಂದು ಕೆಲಸ ಆಗೈತಿ. ಅದು ಛಲೋದಂತ ಇವತ್ತ ಗೊತ್ತಾತು 😀 ಹುಡುಕಿ ರಿಪೋರ್ಟ್ ಹಾಕ್ತೇನಿ.

ನಳದ_ಅಕ್ಕ

ಹೊಲದ್ದು ಅವ್ರು ಹೇಳ್ಯಾರ, ನಾನು ಕುಡಿಯೂದರ ಬಗ್ಗೆ ಹೇಳ್ತೇನ್ರಿ. ಜಲ ಜೀವನ್ ಮಿಷನ್‌ದಾಗ ನಮ್ಮೂರಾಗ ಐದು ಮಂದಿ ಹೆಣ್ಮಕ್ಕಳಿಗೆ ನೀರು ಟೆಸ್ಟ್ ಮಾಡೂ ಕಿಟ್ ಕೊಟ್ಟು ಕಲಿಸ್ಯಾರ, ಅದರಾಗ ನಾನೂ ಒಬ್ಬಾಕಿ.

ತಮ್ಮಾ, ಕಾಸಿ ಕುಡಿದ್ರ ಫ್ಲೋರೈಡ್ ಹೋಗೂದಿಲ್ಲ, ನೀರು ಆವಿ ಆಗಿ ಉಳದ ನೀರಿನ್ಯಾಗ ಇನ್ನೂ ದಟ್ಟ ಆಗ್ತೈತಿ. ಕಾಸೂದು ಹುಳಕ್ಕ, ಬ್ಯಾಕ್ಟೀರಿಯಾಕ್ಕ. ಕ್ಯಾಂಡಲ್ ಫಿಲ್ಟರ್, ಲೈಟಿನ ಫಿಲ್ಟರ್ ಹಾಕ್ಸಿದ್ರೂ ಅಷ್ಟ, ಫ್ಲೋರೈಡ್ ಹಂಗ ಬರ್ತೈತಿ. ನಮ್ಮ ದೇಶದ ಕುಡಿಯೂ ನೀರಿನ ಮಾನದಂಡ ಐಎಸ್ 10500ದಾಗ ಫ್ಲೋರೈಡ್ 1 ಇರ್ಬೇಕು, ಬ್ಯಾರೆ ನೀರೇ ಇಲ್ಲಂದ್ರ 1.5 ತನಕ ಅಂತ ಐತಿ. ಟಿಡಿಎಸ್ 500, ಬ್ಯಾರೆ ಇಲ್ಲಂದ್ರ 2000. ಅದಕ್ಕ ನಿಮ್ಮ 1180 ದೊಡ್ಡ ಮಾತಲ್ಲ, 2.6 ದೊಡ್ಡ ಮಾತು. ಸಣ್ಣ ಹುಡುಗ್ರು ಅಂದ್ರಿ, ಹಾಲುಹಲ್ಲು ಬಿದ್ದು ಬರೂ ಹಲ್ಲು ದವಡಿ ಒಳಗ ತಯಾರಾಗೂದು ಎಂಟು ವರ್ಷದ ತನಕ, ಆ ವಯಸ್ಸಿನ್ಯಾಗ ಈ ನೀರು ಕುಡದ್ರ ಮದಲ ಸೀಮೆಸುಣ್ಣದಂಥಾ ಬಿಳೇ ಗೆರಿ, ಆಮ್ಯಾಲ ಕಂದು ಕಲಿ. ಅದು ತಿಕ್ಕಿದ್ರ ಹೋಗೂದಲ್ಲ. ದೊಡ್ಡವ್ರಿಗೆ ವರ್ಷಾನುಗಟ್ಟಲೆ ಕುಡಿದ್ರ ಮೊಣಕಾಲು, ಸೊಂಟ, ಕುತ್ತಿಗಿ ಹಿಡ್ಕೋತಾವ.

ಊರಾಗ ಶುದ್ಧ ನೀರಿನ ಘಟಕ ಇದ್ರ ಅಲ್ಲಿಂದ ತರ್ರಿ. ಆದ್ರ ಒಂದು ಮಾತು, ಎಲ್ಲಾರೂ ಕ್ಯಾನ್ ನೀರು ಕುಡಿಯಾಕ ಇಟ್ಟು ಅಡಗಿ ಬೋರಿನ ನೀರಾಗ ಮಾಡ್ತಾರ. ಅನ್ನ ಬೋರಿನ ನೀರು, ಸಾರು ಬೋರಿನ ನೀರು, ದಿನಕ್ಕ ನಾಕು ಸಲ ಚಾ ಬೋರಿನ ನೀರು, ಮತ್ತ ಫ್ಲೋರೈಡ್ ಎಲ್ಲಿ ತಪ್ಪಿತು? ಅಡಗಿಗೂ ಅದ ನೀರು ಬೇಕು. ತುಂಗಭದ್ರಾ ನೀರಿನ ನಳ ಊರಿಗೆ ಬರ್ತಿದ್ರ ಇನ್ನೂ ಛಲೋ, ವಾರಕ್ಕ ಎರಡ ಸಲ ಬರ್ಲಿ, ತುಂಬಿ ಇಟ್ಕೊಂಡು ಕುಡಿಯಾಕ ಅಡಗಿಗೆ ಅದನ್ನ ಬಳಸ್ರಿ, ಹೊಳಿ ನೀರಿನ್ಯಾಗ ಫ್ಲೋರೈಡ್ ತ್ರಾಸ ಇರೂದಿಲ್ಲ.

ಘಟಕದ ನೀರು ನೋಡಾಕ ಮಾತ್ರ ಆ ಟಿಡಿಎಸ್ ಪೆನ್ನು ಉಪಯೋಗಕ್ಕ ಬರ್ತೈತಿ. ಒಳಗ ಹೋಗೂ ನೀರು 1180, ಹೊರಗ ಬರೂದು 80-100 ಇದ್ದದ್ದು ಒಂದಿನ 400 ತೋರಿಸಿದ್ರ ಒಳಗಿನ ಸೋಸೂ ಪೊರೆ (ಮೆಂಬ್ರೇನ್) ಹೋಗೈತಿ ಅಂತ ತಿಳ್ಕೋರಿ, ಪಂಚಾಯ್ತಿಗೆ ಹೋಗಿ ಜಗಳಾ ಮಾಡ್ರಿ.

ಕಪ್ಪತಗುಡ್ಡ_ಸೆರಗು

ಅಕ್ಕಾರ, ಸರ್, ಇಬ್ಬರಿಗೂ ದೊಡ್ಡ ನಮಸ್ಕಾರ. ಹೊಟ್ಟ್ಯಾಗ ಕಲ್ಲು ಹಾಕಿದ್ರಿ ಖರೆ, ಆದ್ರ ತಿಳೀತು. ಹಳೇ ಬಾವಿ ನೀರೂ ಟೆಸ್ಟ್ ಮಾಡಿಸಿದ್ದೆ, ಅದು ಕೆಟ್ಟ ನೀರು ಅಂತ ಹಾಕಿರ್ಲಿಲ್ಲ: ಇಸಿ 2400, ಹಾರ್ಡ್‌ನೆಸ್ 778, ಕ್ಯಾಲ್ಸಿಯಂ 160, ಮೆಗ್ನೀಷಿಯಂ 92, ಸೋಡಿಯಂ 195, ಬೈಕಾರ್ಬೊನೇಟ್ 400, ಕ್ಲೋರೈಡ್ 400, ಸಲ್ಫೇಟ್ 220, ನೈಟ್ರೇಟ್ 95, ಫ್ಲೋರೈಡ್ 0.7. ಇದರಾಗ ಫ್ಲೋರೈಡ್ ಇಲ್ಲಲ್ರಿ, ಹಂಗಾರ ಇದನ್ನ ಕುಡಿಬಹುದಾ?

ನಳದ_ಅಕ್ಕ

ಬ್ಯಾಡ. ನೈಟ್ರೇಟ್ 45ರ ಮ್ಯಾಲ ಹೋಗೂ ಹಂಗಿಲ್ಲ, ಫ್ಲೋರೈಡಿಗೆ ಕೊಟ್ಟಂಗ ಇದಕ್ಕ ರಿಯಾಯ್ತಿನೂ ಇಲ್ಲ. ಕೂಸುಗಳಿಗೆ ಬಾಟ್ಲಿ ಹಾಲು ಈ ನೀರಿನ್ಯಾಗ ಕಲಸಿದ್ರ ರಕ್ತ ಆಕ್ಸಿಜನ್ ಹೊರೂದು ಕಡಿಮಿ ಆಗಿ ಮೈ ನೀಲಿ ಆಗ್ತೈತಿ. ಇದೂ ಕಾಸಿದ್ರ ಹೋಗೂದಲ್ಲ. ಬಾವಿ ಬಾಜೂಕ ತಿಪ್ಪಿ ಐತೇನು, ಇಲ್ಲಾ ಸಂಡಾಸ ಗುಂಡಿ? ಹೊಲಕ್ಕ ಹಾಕಿದ ಯೂರಿಯಾನೂ ಇಳೀತೈತಿ. ಕಿಟ್ಟಿನ್ಯಾಗ ಬ್ಯಾಕ್ಟೀರಿಯಾ ನೋಡೂ ಸಣ್ಣ ಬಾಟ್ಲಿ ಇರ್ತಾವ, ನೀರು ಹಾಕಿ ಒಂದೆರಡು ದಿನ ಬೆಚ್ಚಗ ಇಟ್ರ ಕೆಟ್ಟ ನೀರು ಇದ್ದದ್ದು ಕರ್ರಗ ಮಸಿ ಆಗಿ ಬಿಡ್ತೈತಿ. ತಿಪ್ಪಿ ಬಾಜೂಕಿನ ಬಾವಿ ನೀರು ನಾನು ನೋಡಿದ್ದು ಬಹಳಷ್ಟು ಕರ್ರಗ ಆದವ.

ಹೊಲದ_ಲೆಕ್ಕ

ಕುಡೀಲಿಕ್ಕೆ ಬ್ಯಾಡ, ಅಕ್ಕಾರು ಹೇಳಿದ್ದು ಸರಿ. ಆದ್ರ ಕೆಟ್ಟ ನೀರು ಅಂತ ಬಾವಿ ಮುಚ್ಚಿ ಗಿಚ್ಚೀರಿ ಮತ್ತ, ನಿಮ್ಮ ಹೊಲ ಉಳಸೂದು ಅದ.

ಲೆಕ್ಕಾ ನೋಡ್ರಿ. ಬಾವಿ ನೀರಿನ್ಯಾಗ ಕ್ಯಾಲ್ಸಿಯಂ ಮೆಗ್ನೀಷಿಯಂ ಕೂಡಿ 15.6, ಬೈಕಾರ್ಬೊನೇಟ್ 6.6. ಆರ್‌ಎಸ್‌ಸಿ ಮೈನಸ್ 9, ಎಸ್‌ಎಆರ್ 3. ಇಸಿ ಮಾತ್ರ 2250 ದಾಟೇದ, ಪುಸ್ತಕದಾಗ "ಅತಿ ಹೆಚ್ಚು ಲವಣ" ಅನ್ನೋ ವರ್ಗ. ಬೋರಿನದು ಸೋಡಿಯಂ ಕೆಡಕು, ಬಾವಿದು ಉಪ್ಪಿನ ಕೆಡಕು. ಎರಡು ಪಾಲು ಬೋರು, ಒಂದು ಪಾಲು ಬಾವಿ ಕೂಡ್ಸಿದ್ರ ಆರ್‌ಎಸ್‌ಸಿ 5.2ರಿಂದ 0.5ಕ್ಕ ಬಂದು ಬೀಳ್ತದ, ಎಸ್‌ಎಆರ್ 6, ಇಸಿ 2030. ಸೋಡಿಯಂ ತ್ರಾಸ ಅಲ್ಲಿಗೆ ಬಹುತೇಕ ಹೋಯ್ತು. ಆದ್ರ ಇಸಿ ಕಡಿಮಿ ಆಗ್ಲಿಲ್ಲ, ಅದಕ್ಕ ಉಳ್ಳಾಗಡ್ಡಿ ಸಸಿ ಮಡಿಗೆ ಈ ನೀರು ಬ್ಯಾಡ್ರಿ, ಸಸಿ ಇದ್ದಾಗ ಎಲ್ಲಕ್ಕಿಂತ ಸೂಕ್ಷ್ಮ. ಕೃಷಿ ಹೊಂಡ ಇದ್ರ ಮಳಿ ನೀರು ಹಿಡದು ಅದನ್ನ ಸಸಿಗೆ ಇಟ್ಕೋರಿ, ಉಳದದ್ದರಾಗ ಬೋರು ಬಾವಿ ಬೆರಸ್ರಿ, ಮಳಿ ನೀರು ಎಷ್ಟು ಕೂಡಿದ್ರ ಅಷ್ಟು ಇಸಿ ಇಳೀತದ.

ಬಾವಿ ಬ್ಯಾಸಗಿಯೊಳಗ ಬತ್ತಿದ್ರ ಜಿಪ್ಸಂ. ಆರ್‌ಎಸ್‌ಸಿ ಒಂದು ಪಾಯಿಂಟ್ ಇಳಸ್ಲಿಕ್ಕೆ ಸಾವಿರ ಲೀಟರಿಗೆ 86 ಗ್ರಾಂ ಶುದ್ಧ ಜಿಪ್ಸಂ ಬೇಕು. ನಿಮಗ ನಾಕು ಪಾಯಿಂಟ್ ಇಳಸಬೇಕು, ಒಂದೆಕರೆಗೆ ಒಂದಿಂಚು ನೀರು ಅಂದ್ರ ಒಂದು ಲಕ್ಷ ಲೀಟರ್ ಮ್ಯಾಲ, ಅದಕ್ಕ 35 ಕಿಲೋ ಶುದ್ಧದ್ದು, ಅಂಗಡಿ ಮಾಲು ಅಷ್ಟು ಶುದ್ಧ ಇರೂದಿಲ್ಲ ಅಂತ ಹಿಡದ್ರ 50 ಕಿಲೋದ ಒಂದು ಚೀಲಕ್ಕ ಹತ್ತಿರ. ಅದನ್ನ ಡ್ರಿಪ್ಪಿನ್ಯಾಗ ಕಲಸಲಿಕ್ಕೆ ಹೋಗಬ್ಯಾಡ್ರಿ, ಪಿಎಚ್ 8.3ದಾಗ ಎಲ್ಲಾ ಸುಣ್ಣ ಆಗಿ ತೂತು ಮುಚ್ತದ, ಮುಂಗಾರಿಗೆ ಮುಂಚೆ ಹೊಲಕ್ಕ ಉಗ್ಗಿ ಹರಗಿ ಬಿಡ್ರಿ, ಮಳಿ ಇಳಸ್ತದ. ಸ್ಪ್ರಿಂಕ್ಲರ್‌ನೂ ಬ್ಯಾಡ, ಕ್ಲೋರೈಡ್ ಸೋಡಿಯಂ ಇಷ್ಟಿದ್ರ ಎಲಿ ತುದಿ ಸುಡ್ತಾವ.

ಎಮ್ಮಿಗೆ ಬಾವಿ ನೀರು ಕುಡಸ್ರಿ. ದನಕ್ಕ ಫ್ಲೋರೈಡ್ ಮಿತಿ 2 ಅಂತಾರ, ಬೋರು ಅದನ್ನ ದಾಟೇದ. ಬಾವಿಯ 95 ನೈಟ್ರೇಟ್ ದನಕ್ಕ ಏನೂ ಮಾಡೂದಿಲ್ಲ, ಅವು ಅದಕ್ಕಿಂತ ಬಹಳ ತಡಕೋತಾವ.

ಕೇಶ್ವಾಪುರ_3ನೇ_ಮಹಡಿ

ನಡುವೆ ಬಾಯಿ ಹಾಕಿದ್ದಕ್ಕ ಸಾರಿ. ಹುಬ್ಬಳ್ಳ್ಯಾಗ ನಮ್ಮ ಅಪಾರ್ಟ್‌ಮೆಂಟ್ ಬೋರು ವಿಪರೀತ ಗಡಸು ಅಂತ ಸಾಫ್ಟ್‌ನರ್ ಹಾಕ್ಸೇವಿ, ಈಗ ಗೀಸರ್ ಆರಾಮ ಐತಿ ಆದ್ರ ಕೆಳಗಿನ ಗಾರ್ಡನ್ ಗಿಡ ಎಲ್ಲಾ ಸೊರಗ್ಯಾವ, ಮಣ್ಣು ಸಿಮೆಂಟ್ ಆದಂಗ ಆಗೈತಿ. ಇದಕ್ಕೂ ಅದಕ್ಕೂ ಸಂಬಂಧ ಐತೇನ್ರಿ?

ಹೊಲದ_ಲೆಕ್ಕ

ಐತಿ, ಡೈರೆಕ್ಟ್ ಸಂಬಂಧ. ಸಾಫ್ಟ್‌ನರ್ ಕ್ಯಾಲ್ಸಿಯಂ ತಗದು ಸೋಡಿಯಂ ಕೊಡ್ತದ, ಅದಕ್ಕ ಉಪ್ಪಿನ ಚೀಲ ಸುರೂದು. ನೀವು ದುಡ್ಡು ಕೊಟ್ಟು ಮುಂಡರಗಿ ಬೋರು ಮಾಡ್ಕೊಂಡೀರಿ 😅 ಗಾರ್ಡನ್‌ಗೆ ಸಾಫ್ಟ್‌ನರ್‌ಗಿಂತ ಮುಂಚಿನ ಪೈಪಿನಿಂದ ಒಂದು ನಳ ಕೊಡಸ್ರಿ. ಕುಡೀಲಿಕ್ಕಂತೂ ಮಲಪ್ರಭಾ ನೀರು ಬರ್ತದಲ್ಲ ನಿಮಗ.

ಕಪ್ಪತಗುಡ್ಡ_ಸೆರಗು

ಸರ್, ಬಾಜೂ ಹೊಲದವ್ರದೂ ಇಂಥಾದ ಸಿಹಿ ಬೋರು, ಬಾಳ ವರ್ಷ ಆತು ಅದ ನೀರು ಹಾಯಿಸಾಕತ್ತಾರ. ಅವರ ಹೊಲ ಕೆಟ್ಟೈತೋ ಇಲ್ಲೋ ಲ್ಯಾಬಿಗೆ ಹೋಗ್ಲಾರ್ದ ಹೆಂಗ ನೋಡೂದು? ಅವರು ಟೆಸ್ಟ್ ಗಿಸ್ಟ್ ಅಂದ್ರ ಸಿಟ್ಟಿಗೇಳ್ತಾರ.

ಹೊಲದ_ಲೆಕ್ಕ

ಒಂದು ಗಾಜಿನ ಗ್ಲಾಸಿನ್ಯಾಗ ಮಳಿ ನೀರು ಇಲ್ಲಾ ಬ್ಯಾಟರಿಗೆ ಹಾಕೂ ಡಿಸ್ಟಿಲ್ಡ್ ನೀರು ತಗೋರಿ. ಅವರ ಹೊಲದ ಒಣಗಿದ ಹೆಂಟಿ, ಕಡ್ಲಿಕಾಳಿನಷ್ಟು, ಮೆಲ್ಲಕ ಒಳಗ ಬಿಡ್ರಿ, ಅಲ್ಲಾಡಸಬ್ಯಾಡ್ರಿ. ಹೆಂಟಿ ಒಡದು ಪುಡಿ ಆಗಿ ಕೆಳಗ ಬಿದ್ದು ನೀರು ತಿಳಿ ಉಳದ್ರ ಸಮಸ್ಯೆ ಇಲ್ಲ. ಹೆಂಟಿ ಸುತ್ತ ಹಾಲಿನಂಗ ಮಬ್ಬು ಎದ್ದು, ಒಂದೆರಡು ತಾಸಿನ್ಯಾಗ ಇಡೀ ಗ್ಲಾಸು ಕಲಕಿದಂಗ ಆದ್ರ ಸೋಡಿಯಂ ಹೊಕ್ಕದ ಅಂತ. ಬಾಜೂಕ ಇನ್ನೊಂದು ಗ್ಲಾಸಿನ್ಯಾಗ ನಿಮ್ಮ ಹೊಲದ ಹೆಂಟಿ ಇಡ್ರಿ, ಈ ಬೋರಿನ ನೀರು ಇನ್ನೂ ಕಾಣಲಾರದ್ದು, ಆಗ ಫರಕ್ ಅವರಿಗೂ ಕಣ್ಣಿಗೆ ಕಾಣ್ತದ, ವಾದಾ ಮಾಡೂ ಗರಜು ಬೀಳೂದಿಲ್ಲ. ಬೋರಿನ ನೀರಾಗ ಮಾತ್ರ ಈ ಪರೀಕ್ಷೆ ಮಾಡಬ್ಯಾಡ್ರಿ, ಅದರಾಗಿನ ಉಪ್ಪು ಮಣ್ಣು ಹಿಡದು ಇಟ್ಟು ನೀರು ತಿಳಿ ತೋರಸ್ತದ.

ಕಪ್ಪತಗುಡ್ಡ_ಸೆರಗು

ಮಾಡಿದೆ ಸರ್. ನಮ್ಮ ಗ್ಲಾಸು ತಿಳಿ, ಅವರದು ಮಜ್ಜಿಗಿ. ಕಾಕಾ ಗ್ಲಾಸು ಎತ್ತಿ ಬಿಸಲಿಗೆ ಹಿಡದು ನೋಡಿ, ಏನೂ ಅನ್ನಲಿಲ್ಲ, ಸಂಜಿಕ ಬಂದು ಜಿಪ್ಸಂ ಎಲ್ಲಿ ಸಿಗ್ತೈತಿ ಅಂತ ಕೇಳಿದ್ರು. ನಾವು ಈ ವರ್ಷ ಎರಡೆಕರೆ ಹತ್ತಿ ಹಾಕಿ, ಒಂದೆಕರೆ ಅಷ್ಟ ಮೆಣಸಿನಕಾಯಿ ಅಂತ ಮಾಡೇವಿ, ಬಾವಿ ಬೋರು ಎರಡೂ ಒಂದ ತೊಟ್ಟಿಗೆ ಬಿಡಾಕ ಪೈಪ್ ಹಾಕಾಕತ್ತೇವಿ. ಕುಡಿಯೂ ನೀರು ಸದ್ಯಕ್ಕ ಘಟಕದಿಂದ. ಮನಿ ಮ್ಯಾಲಿಂದ ಮಳಿ ನೀರು ಹಿಡದ್ರ ಸಾಕಾಗ್ತೈತೇನು, ಸಾವಿರ ಸ್ಕ್ವೇರ್ ಫೂಟ್ ಸ್ಲ್ಯಾಬ್ ಐತಿ?

ನಳದ_ಅಕ್ಕ

ಸಾಕಾಗಿ ಉಳೀತೈತಿ. ಗದಗ ಕಡೆ ವರ್ಷಕ್ಕ ಸುಮಾರು 600 ಮಿಲಿಮೀಟರ್ ಮಳಿ ಹಿಡದ್ರ ಆ ಸ್ಲ್ಯಾಬ್ ಮ್ಯಾಲಿಂದ 40 ಸಾವಿರ ಲೀಟರ್ ಬರ್ತೈತಿ, ನಾಕು ಮಂದಿಗೆ ಕುಡಿಯಾಕ ಅಡಗಿಗೆ ದಿನಕ್ಕ 40 ಲೀಟರ್ ಅಂದ್ರ ವರ್ಷಕ್ಕ 15 ಸಾವಿರದ ಒಳಗ. ಮದಲ ಮಳಿ ನೀರು ಹೊರಗ ಬಿಡ್ರಿ, ತೊಟ್ಟಿಗೆ ಬೆಳಕು ಬೀಳಬಾರ್ದು, ಮುಚ್ಚಳ ಬಿಗಿ ಇರಬೇಕು ಇಲ್ಲಂದ್ರ ಸೊಳ್ಳಿ. ಈ ನೀರು ಕುಡಿಯಾಕ ಮುಂಚೆ ಕಾಸ್ರಿ, ಇದಕ್ಕ ಕಾಸೂದು ಉಪಯೋಗ ಐತಿ.

ಹೊಲದ_ಲೆಕ್ಕ

ಮಳಿಗಾಲ ಮುಗದ ಮ್ಯಾಲ ನವೆಂಬರ್‌ದಾಗ ಒಮ್ಮೆ, ಮೇ ಕೊನೀಗೆ ಒಮ್ಮೆ ಎರಡೂ ನೀರು ಟೆಸ್ಟ್ ಮಾಡಸ್ರಿ, ಎರಡರ ಅಂಕಿನೂ ಬದಲಾಗ್ತಾವ, ಬೆರಸೂ ಪ್ರಮಾಣ ಅದರ ಮ್ಯಾಲ ನಿಂತದ. ಮೋಟರ್ ಹತ್ತು ಹದಿನೈದು ಮಿನಿಟು ಓಡಿದ ಮ್ಯಾಲ, ಪ್ಲಾಸ್ಟಿಕ್ ಬಾಟ್ಲಿ ಅದ ನೀರಾಗ ಮೂರು ಸಲ ತೊಳದು, ಗಾಳಿ ಉಳೀಲಾರದಂಗ ತುಂಬಿ, ಅವತ್ತ ಲ್ಯಾಬಿಗೆ ಮುಟ್ಟಸ್ರಿ. ಹುಲಕೋಟಿ ಕೃಷಿ ವಿಜ್ಞಾನ ಕೇಂದ್ರ ನಿಮಗ ಹತ್ತಿರ, ಇಲ್ಲಂದ್ರ ನಮ್ಮ ಧಾರವಾಡ ಕೃಷಿ ವಿಶ್ವವಿದ್ಯಾಲಯ ಅದ. ಕುಡಿಯೂ ನೀರಿಂದು ಆದ್ರ ಜಿಲ್ಲಾ ಗ್ರಾಮೀಣ ಕುಡಿಯುವ ನೀರಿನ ಇಲಾಖೆ ಲ್ಯಾಬ್. ಫಾರ್ಮ್ ತುಂಬುವಾಗ ಕಾರ್ಬೊನೇಟ್ ಬೈಕಾರ್ಬೊನೇಟ್ ಬೇಕು ಅಂತ ಬಾಯಿ ಬಿಟ್ಟು ಹೇಳ್ರಿ, ಅದಿಲ್ಲಂದ್ರ ಆರ್‌ಎಸ್‌ಸಿ ತಗಿಯಾಕ ಬರೂದಿಲ್ಲ. ಕಾಕಾರ ಬೋರಿನದೂ ಒಂದು ಬಾಟ್ಲಿ ಜೋಡಿ ಒಯ್ರಿ.